ಶವರ್ ಗಾಜು ಕೊಳ್ಳುವ ಮುನ್ನ ನೆಲವನ್ನು ನೋಡಿ: ಒಂದು ಎನ್‌ಕ್ಲೋಷರಿನ ವಿಮರ್ಶೆ

ಬೆಂಗಳೂರಿನ ನಮ್ಮ ಫ್ಲ್ಯಾಟಿನ ಸ್ನಾನದ ಮನೆಗೆ 8 ಮಿ.ಮೀ. ದಪ್ಪದ ಟಫನ್ಡ್ ಗಾಜಿನ ಶವರ್ ಎನ್‌ಕ್ಲೋಷರ್ ಹಾಕಿಸಿ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿವೆ. ಗೋಡೆಗೆ ಮತ್ತು ನೆಲಕ್ಕೆ ಕೂರಿಸಿದ ಒಂದು ಸ್ಥಿರ ಫಲಕ, ಅದರ ಪಕ್ಕದಲ್ಲಿ ಗೋಡೆಗೆ ಹಿಂಜ್‌ಗಳಿಂದ ಜೋಡಿಸಿದ ಒಂದು ಬಾಗಿಲು, ಇಷ್ಟೇ ಅದರ ರಚನೆ. ಈಗ ಅದು ನೀರನ್ನು ಒಳಗೇ ಉಳಿಸುತ್ತದೆ. ಬೆಳಗ್ಗೆ ಮನೆಮಂದಿಯೆಲ್ಲ ಸ್ನಾನ ಮುಗಿಸಿದ ಮೇಲೂ ಕಮೋಡ್ ಮತ್ತು ವಾಶ್‌ಬೇಸಿನ್ ಇರುವ ಭಾಗದಲ್ಲಿ ಬರಿಗಾಲಿನಲ್ಲಿ ನಡೆದರೆ ಕಾಲು ಒದ್ದೆಯಾಗುವುದಿಲ್ಲ. ಆದರೆ ಅಳವಡಿಸಿದ ಹೊಸದರಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಬಾಗಿಲಿನ ಮೂಲೆಯಿಂದ ಹೊರಟ ನೀರು ಕಮೋಡಿನ ಬುಡದವರೆಗೆ ಹರಿಯುತ್ತಿತ್ತು, ಮತ್ತು ಅದಕ್ಕೆ ಕಾರಣ ಗಾಜಿನಲ್ಲಿರಲಿಲ್ಲ. ಅಂಗಡಿಗಳಲ್ಲಿ ಮಾತೆಲ್ಲ ಗಾಜಿನ ದಪ್ಪ, ಹಿಡಿಕೆಯ ಬಣ್ಣ, ಹಿಂಜ್‌ನ ಹೊಳಪುಗಳ ಸುತ್ತಲೇ ನಡೆಯುತ್ತದೆ. ನೀರು ಹೊರಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾತ್ರ ನೆಲದ ವಾಟ, ಹೊಸ್ತಿಲು, ಶವರಿನ ದಿಕ್ಕು ಮತ್ತು ಬಾಗಿಲಿನ ಅಂಚಿಗೆ ಹಾಕುವ ಪಾರದರ್ಶಕ ಪಿವಿಸಿ ಪಟ್ಟಿಗಳು. ಆದ್ದರಿಂದ ಈ ವಿಮರ್ಶೆಯಲ್ಲಿ ಹೆಚ್ಚು ಜಾಗ ಅವಕ್ಕೇ ಮೀಸಲು.

ನಮ್ಮದು ಈ ಊರಿನ ಬಹಳಷ್ಟು ಫ್ಲ್ಯಾಟುಗಳಲ್ಲಿ ಕಾಣುವ ಅಳತೆಯ ಸ್ನಾನದ ಮನೆ: ಸುಮಾರು 5 ಅಡಿ ಅಗಲ, 8 ಅಡಿ ಉದ್ದ. ಪ್ರವೇಶದ ಬಳಿ ವಾಶ್‌ಬೇಸಿನ್, ನಡುವೆ ಕಮೋಡ್, ಕೊನೆಯಲ್ಲಿ ಶವರ್. ಗಾಜು ಹಾಕಿಸುವುದೆಂದರೆ ಕೊನೆಯ 3 ಅಡಿಯನ್ನು ಒದ್ದೆ ಭಾಗವೆಂದು ಬೇರ್ಪಡಿಸುವುದು. ಹಳೆಯ ಮನೆಗಳಲ್ಲಿ ಬಚ್ಚಲು ಒಳಮನೆಯ ನೆಲಕ್ಕಿಂತ ತಗ್ಗಿನಲ್ಲಿದ್ದು, ಕಲ್ಲು ಹಾಸಿನ ವಾಟವೂ ಧಾರಾಳವಾಗಿದ್ದುದರಿಂದ ಹಂಡೆಯಿಂದ ತೋಡಿ ಎಷ್ಟು ನೀರು ಸುರಿದುಕೊಂಡರೂ ಅದು ತೂಬಿನ ದಾರಿಯನ್ನೇ ಹಿಡಿಯುತ್ತಿತ್ತು. ಫ್ಲ್ಯಾಟಿನಲ್ಲಿ ಆ ತಗ್ಗು ಹೆಚ್ಚೆಂದರೆ ಬೆರಳಿನ ದಪ್ಪದಷ್ಟಿರುತ್ತದೆ. ಹೀಗಾಗಿ ಗಾಜಿನ ಅಂಗಡಿಗೆ ಹೋಗುವ ಮೊದಲೇ ಮಾಡಬೇಕಾದ ಒಂದು ಪರೀಕ್ಷೆಯಿದೆ. ಗಾಜು ನಿಲ್ಲಬೇಕಾದ ಗೆರೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದು, ಆ ಗೆರೆಯ ಉದ್ದಕ್ಕೂ ಅಲ್ಲಲ್ಲಿ ಒಂದೊಂದು ಲೋಟ ನೀರನ್ನು ನಿಧಾನವಾಗಿ ಸುರಿದು, ಅದು ಯಾವ ಕಡೆಗೆ ಹರಿಯುತ್ತದೆ ಎಂದು ನೋಡಬೇಕು. ಎಲ್ಲ ಕಡೆಯೂ ನೀರು ಶವರಿನ ಕೆಳಗಿನ ಜಾಲರಿಯತ್ತಲೇ ಹೋದರೆ ಅರ್ಧ ಕೆಲಸ ಮುಗಿದಂತೆ. ಯಾವುದಾದರೂ ಒಂದು ಮೂಲೆಯಲ್ಲಿ ಅದು ನಿಂತುಬಿಟ್ಟರೆ ಅಥವಾ ಹೊರಗಡೆಗೆ ತಿರುಗಿದರೆ, ಎಷ್ಟೇ ದುಬಾರಿಯ ಎನ್‌ಕ್ಲೋಷರ್ ತಂದರೂ ಆ ಮೂಲೆ ಸೋರುತ್ತದೆ. ಒದ್ದೆ ಭಾಗದ ನೆಲಕ್ಕೆ ಪ್ರತಿ ಮೀಟರಿಗೆ 10ರಿಂದ 12 ಮಿ.ಮೀ.ನಷ್ಟು ಇಳಿಜಾರು ಇರಬೇಕು. ಟೈಲ್ಸ್ ಕೆಲಸ ಇನ್ನೂ ಆಗಬೇಕಾಗಿದ್ದರೆ ಗಾರೆಯವರ ಪಕ್ಕದಲ್ಲಿ ನಿಂತು ರಸಮಟ್ಟ ಇಡಿಸಿ ನೋಡುವುದಕ್ಕಿಂತ ಲಾಭದಾಯಕವಾದ ಅರ್ಧ ಗಂಟೆ ಇಡೀ ಕೆಲಸದಲ್ಲಿ ಇನ್ನೊಂದಿಲ್ಲ.

ಎರಡನೆಯದು ಹೊಸ್ತಿಲು. ಗಾಜಿನ ಬಾಗಿಲಿನ ಕೆಳಗೆ ಅದು ಸಲೀಸಾಗಿ ತೆರೆದುಕೊಳ್ಳಲು 10 ಮಿ.ಮೀ.ನಷ್ಟಾದರೂ ಸಂದು ಬಿಡಲೇಬೇಕಾಗುತ್ತದೆ. ಆ ಸಂದಿನ ಮುಂದೆ ಏನೂ ಅಡ್ಡವಿಲ್ಲದಿದ್ದರೆ ನೆಲದ ಮೇಲೆ ಹರಿದು ಬರುವ ನೀರಿಗೆ ಅದು ತೆರೆದ ದಾರಿ. ನಮ್ಮ ಮನೆಗಳಲ್ಲಿ ಈ ಅಂಶಕ್ಕೆ ಹೆಚ್ಚಿನ ತೂಕವಿದೆ, ಏಕೆಂದರೆ ಶವರ್ ಇದ್ದರೂ ಬಕೆಟ್ಟು ಮತ್ತು ಮಗ್ಗು ಹೋಗಿಲ್ಲ. ಹಿರಿಯರು ಸ್ಟೂಲಿನ ಮೇಲೆ ಕುಳಿತು ತಂಬಿಗೆಯಿಂದಲೇ ಮೀಯುತ್ತಾರೆ, ಹಬ್ಬದ ದಿನ ಎಣ್ಣೆಸ್ನಾನವೂ ಅಲ್ಲೇ ಆಗಬೇಕು. ಶವರಿನ ನೀರು ಹನಿಹನಿಯಾಗಿ ಬೀಳುತ್ತದೆ. ಬಕೆಟ್ಟಿನಲ್ಲಿ ಉಳಿದ ನೀರನ್ನು ಕೊನೆಯಲ್ಲಿ ಒಮ್ಮೆಗೇ ಸುರಿದುಕೊಂಡಾಗ ಮಾತ್ರ ಅದು ನೆಲದ ಮೇಲೆ ಅಲೆಯಾಗಿ ಬಂದು ಬಾಗಿಲಿನ ಬುಡಕ್ಕೆ ಬಡಿಯುತ್ತದೆ. ನಾವು ಗ್ರಾನೈಟಿನ ಒಂದು ಪಟ್ಟಿಯನ್ನು, ಮೇಲಂಚನ್ನು ದುಂಡಗೆ ಉಜ್ಜಿಸಿ, ನೆಲದಿಂದ ಸುಮಾರು 20 ಮಿ.ಮೀ. ಎತ್ತರ ನಿಲ್ಲುವಂತೆ ಹಾಕಿಸಿದ್ದೇವೆ. ಅದರ ಮೇಲ್ಮೈ ಕೂಡ ತುಸು ಒಳಮುಖವಾಗಿ ವಾಲಿರುವುದರಿಂದ ಮೇಲೆ ಬಿದ್ದ ಹನಿ ಒಳಗೇ ಜಾರುತ್ತದೆ. ಇದಕ್ಕಿಂತ ಎತ್ತರದ ಕಟ್ಟೆ ನೀರಿಗೆ ಇನ್ನೂ ಒಳ್ಳೆಯದೇ, ಆದರೆ ವಯಸ್ಸಾದವರ ಕಾಲಿಗೆ ಅದು ತೊಡಕು. ಗಾಲಿಕುರ್ಚಿ ಬಳಸುವವರಿರುವ ಮನೆಯಲ್ಲಿ ಹೊಸ್ತಿಲೇ ಬೇಡ. ಅಲ್ಲಿ ಗಾಜಿನ ಗೆರೆಯ ಒಳಬದಿಗೆ ಗೋಡೆಯಿಂದ ಗೋಡೆಗೆ ಉದ್ದನೆಯ ಜಾಲರಿ ಕಾಲುವೆಯನ್ನು ಹಾಕಿಸುವುದೇ ಸರಿಯಾದ ದಾರಿ. ಅದನ್ನು ಟೈಲ್ಸಿಗೆ ಮೊದಲೇ ಯೋಜಿಸಬೇಕು.

ಹೊಸ್ತಿಲು ಹಾಕುವಾಗ ಎಷ್ಟೋ ಮನೆಗಳಲ್ಲಿ ಕಡೆಗಣಿಸುವ ಮತ್ತೊಂದು ವಿಷಯವಿದೆ. ಅನೇಕ ಫ್ಲ್ಯಾಟುಗಳಲ್ಲಿ ಇಡೀ ಸ್ನಾನದ ಮನೆಗೆ ಇರುವುದು ಒಂದೇ ಫ್ಲೋರ್ ಟ್ರ್ಯಾಪ್ (ನೆಲದ ನೀರು ಹೋಗುವ ಜಾಲರಿ ತೂಬು), ಅದೂ ಶವರಿನ ಕೆಳಗೆ. ಹೊಸ್ತಿಲನ್ನು ಎತ್ತರಿಸಿದ ಕೂಡಲೇ ಹೊರಭಾಗದ ನೀರು, ಅಂದರೆ ಹೆಲ್ತ್ ಫಾಸೆಟ್‌ನಿಂದ ಚೆಲ್ಲಿದ್ದು, ನೆಲ ತೊಳೆದದ್ದು, ಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಆಗ ಮನೆಯವರು ಎನ್‌ಕ್ಲೋಷರ್ ಸೋರುತ್ತಿದೆ ಎಂದು ಭಾವಿಸುತ್ತಾರೆ, ನಿಜವಾಗಿ ಅದು ಹೊರಗಿನ ನೀರೇ ಆಗಿರುತ್ತದೆ. ಹೊರಭಾಗಕ್ಕೆ ಪ್ರತ್ಯೇಕ ಟ್ರ್ಯಾಪ್ ಇದೆಯೇ ಎಂಬುದನ್ನು ಅಳತೆಗೆ ಬಂದವರು ಕೇಳಬೇಕು. ನಾವು ಹೋದ ಅಂಗಡಿಯವರು ಕೇಳಿದರು, ಅದಕ್ಕಾಗಿ ಅವರಿಗೆ ಮೆಚ್ಚುಗೆ ಸಲ್ಲಬೇಕು.

ಆದರೆ ಅವರು ಕೊಟ್ಟ ಮೊದಲ ನಕ್ಷೆಯಲ್ಲಿ ಬಾಗಿಲು ಶವರಿನ ಎದುರಿಗೇ ಇತ್ತು. ನೋಟಕ್ಕೆ ಅದು ಚೆಂದ, ಎರಡೂ ಬದಿಗೆ ಸಮನಾದ ಫಲಕಗಳು, ನಡುವೆ ಬಾಗಿಲು. ನೀರಿನ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಜಾಗ ಬಾಗಿಲಿಗೆ ಇಲ್ಲ. ಸ್ಥಿರ ಫಲಕದ ಅಂಚುಗಳನ್ನು ಗೋಡೆಗೂ ನೆಲಕ್ಕೂ ಸಿಲಿಕೋನ್‌ನಿಂದ ಮುಚ್ಚಬಹುದು; ಬಾಗಿಲಿನ ನಾಲ್ಕೂ ಅಂಚುಗಳು ತೆರೆದೇ ಇರಬೇಕು, ಇಲ್ಲದಿದ್ದರೆ ಅದು ಬಾಗಿಲಾಗುವುದಿಲ್ಲ. ಆದ್ದರಿಂದ ಶವರಿನ ನೇರ ಹೊಡೆತವನ್ನು ಸ್ಥಿರ ಫಲಕವೇ ತಾಳಿಕೊಳ್ಳಬೇಕು, ಬಾಗಿಲು ಪಕ್ಕಕ್ಕಿರಬೇಕು. ನಮ್ಮ ಶವರ್ ಗೋಡೆಯ ಎಡಭಾಗದಲ್ಲಿದ್ದುದರಿಂದ ಎಡಕ್ಕೆ ಅಗಲವಾದ ಸ್ಥಿರ ಫಲಕ, ಬಲಕ್ಕೆ 700 ಮಿ.ಮೀ. ಬಾಗಿಲು ಎಂದು ನಕ್ಷೆಯನ್ನು ಬದಲಾಯಿಸಲು ಕೇಳಿದೆವು, ಅವರು ಒಪ್ಪಿದರು. ಓಲಾಡಿಸಬಹುದಾದ ಕೈಶವರ್ ಇರುವವರು ಅದರ ಕೊಕ್ಕೆಯನ್ನು ಕೂಡ ನೀರು ಬಾಗಿಲಿನತ್ತ ಚಿಮ್ಮದಂಥ ಗೋಡೆಯಲ್ಲೇ ಹಾಕಿಸುವುದು ಒಳ್ಳೆಯದು. ತಲೆಯ ಮೇಲೆ ನೇರವಾಗಿ ಸುರಿಯುವ ಅಗಲವಾದ ರೇನ್ ಶವರ್ ಈ ವಿಷಯದಲ್ಲಿ ಎಲ್ಲಕ್ಕಿಂತ ಸೌಮ್ಯ.

ನೀರಿನ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಎರಡಂತಸ್ತಿನ ಸ್ವಂತ ಮನೆಯಲ್ಲಿ ಮಹಡಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಸಾಮಾನ್ಯವಾಗಿ ಅಷ್ಟು ಬಲವಿರುವುದಿಲ್ಲ; ಅಲ್ಲಿ ಅಂಚಿನ ಸಂದು ಮುಚ್ಚುವ ಸಾಧಾರಣ ಸೀಲ್‌ಗಳೇ ಸಾಕು. ಎತ್ತರದ ಕಟ್ಟಡದ ಕೆಳ ಮಹಡಿಗಳಲ್ಲಿ ಅಥವಾ ಪ್ರೆಷರ್ ಪಂಪ್ ಹಾಕಿದ ಮನೆಗಳಲ್ಲಿ ಅದೇ ಎನ್‌ಕ್ಲೋಷರ್ ಸೋರಬಹುದು. ಶೋರೂಮಿನಲ್ಲಿ ಒಣಗಿ ನಿಂತ ಮಾದರಿ ಇದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮಾದರಿಗಳ ವಿಷಯಕ್ಕೆ ಬಂದರೆ, ಬಾಗಿಲೇ ಇಲ್ಲದೆ ಒಂದೇ ಫಲಕ ನಿಲ್ಲಿಸುವ ವಾಕ್-ಇನ್ ವಿನ್ಯಾಸ ಪತ್ರಿಕೆಗಳ ಚಿತ್ರಗಳಲ್ಲಿ ಬಹಳ ಮೋಹಕವಾಗಿ ಕಾಣುತ್ತದೆ. ಅದು ದೊಡ್ಡ ಸ್ನಾನದ ಮನೆಗಳಿಗೆ ಹೊಂದುವಂಥದ್ದು. 5 ಅಡಿ ಅಗಲದಲ್ಲಿ ಫಲಕಕ್ಕೆ 3 ಅಡಿ ಕೊಟ್ಟು 2 ಅಡಿಯನ್ನು ದಾರಿಗೆ ಬಿಟ್ಟರೆ, ಮೈಮೇಲಿಂದ ಚಿಮ್ಮುವ ಹನಿಗಳು ಆ ದಾರಿಯಿಂದ ಖಂಡಿತ ಹೊರಬರುತ್ತವೆ. ಜಾರುವ ಬಾಗಿಲು ಜಾಗ ಉಳಿಸುತ್ತದೆ, ಕಮೋಡಿಗೆ ತಗಲುವ ಭಯವಿಲ್ಲ, ತೆರೆದಾಗ ಬಾಗಿಲಿನ ನೀರು ಹೊರಗೆ ತೊಟ್ಟಿಕ್ಕುವುದೂ ಇಲ್ಲ. ಎರಡು ಫಲಕಗಳು ಒಂದರ ಮೇಲೊಂದು ಹಾಯುವ ಮಾದರಿಯಲ್ಲಿ ಶವರಿನ ಕಡೆಗಿರುವ ಫಲಕ ಒಳಬದಿಯ ಹಳಿಯಲ್ಲಿರಬೇಕು ಎಂಬುದನ್ನು ನೆನಪಿಡಬೇಕು. ಆಗ ಫಲಕಗಳ ನಡುವಿನ ಸಂದು ಶವರಿಗೆ ಬೆನ್ನು ಮಾಡಿರುತ್ತದೆ, ಚಿಮ್ಮುವ ನೀರು ಹಿಂದಿರುಗಿ ಅದರೊಳಗೆ ನುಗ್ಗಲಾರದು. ಕೆಳಗಿನ ಹಳಿಯಲ್ಲಿ ಸೋಪಿನ ಜಿಡ್ಡು, ಕೂದಲು ಸೇರಿಕೊಳ್ಳುವುದು ಈ ಮಾದರಿಯ ದೊಡ್ಡ ತೊಂದರೆ. ನಾವು ಹಿಂಜ್ ಬಾಗಿಲನ್ನೇ ಆರಿಸಿದ್ದು ಒರೆಸಲು ಸುಲಭ ಎಂಬ ಕಾರಣಕ್ಕೆ, ಮತ್ತು ಅದು ಎರಡೂ ಕಡೆಗೆ ತೆರೆಯುತ್ತದೆ ಎಂಬುದಕ್ಕೆ. ಸ್ನಾನ ಮುಗಿದ ಕೂಡಲೇ ಬಾಗಿಲನ್ನು ಒಳಗಡೆಗೆ ಎಳೆದು ತೆರೆದರೆ ಗಾಜಿನ ಮೇಲಿನ ನೀರು ಒಳಗೇ ಇಳಿಯುತ್ತದೆ. ಹೊರಗೆ ತೆರೆಯುವ ಅವಕಾಶವೂ ಬೇಕೇ ಬೇಕು. ಒಳಗೆ ಯಾರಾದರೂ ಜಾರಿ ಬಿದ್ದರೆ ಒಳಮುಖವಾಗಿ ಮಾತ್ರ ತೆರೆಯುವ ಬಾಗಿಲನ್ನು ಅವರ ದೇಹವೇ ತಡೆಹಿಡಿಯುತ್ತದೆ.

ಈಗ ಸೋರಿಕೆಯ ವಿಷಯ. ಅಳವಡಿಕೆ ಮುಗಿದ ಮರುದಿನ, ಸಿಲಿಕೋನ್ ಒಣಗಿದ ಮೇಲೆ, ಹೊಸ್ತಿಲಿನ ಹೊರ ಅಂಚಿಗೆ ಉದ್ದಕ್ಕೂ ಹಳೆಯ ದಿನಪತ್ರಿಕೆಯನ್ನು ಮಡಿಸಿ ಹಾಸಿ, ಶವರನ್ನು ಪೂರ್ತಿ ತಿರುಗಿಸಿ ಹತ್ತು ನಿಮಿಷ ಬಿಟ್ಟೆವು. ಕಾಗದ ಎಲ್ಲಿ ಮೊದಲು ಕಪ್ಪಾಗುತ್ತದೆಯೋ ಅಲ್ಲೇ ಸೋರಿಕೆ. ಬರಿಗಣ್ಣಿಗೆ ಟೈಲ್ಸಿನ ಮೇಲೆ ಇದು ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಸ್ಥಿರ ಫಲಕದ ಬುಡದಲ್ಲಿ ಕಾಗದ ಒಣಗಿಯೇ ಇತ್ತು. ಬಾಗಿಲಿನ ಬುಡದಲ್ಲಿ ಉದ್ದಕ್ಕೂ ಒದ್ದೆಯಾಗಿತ್ತು, ಹಿಂಜ್ ಇರುವ ಮೂಲೆಯಲ್ಲಿ ನೆಂದು ಹರಿದೇ ಹೋಗಿತ್ತು. ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಟಾರ್ಚ್ ಬಿಟ್ಟು ನೋಡಿದಾಗ ಕಾರಣ ತಿಳಿಯಿತು. ಬಾಗಿಲಿನ ಕೆಳ ಅಂಚಿಗೆ ಸಿಕ್ಕಿಸುವ ಪಟ್ಟಿಗೆ ಎರಡು ಭಾಗಗಳಿರುತ್ತವೆ: ನೆಲದತ್ತ ಇಳಿಬಿದ್ದ ಮೆತ್ತನೆಯ ನಾಲಿಗೆ, ಮತ್ತು ಗಾಜಿನ ಮೇಲೆ ಇಳಿದುಬರುವ ನೀರನ್ನು ಹಿಡಿದು ಶವರಿನ ಕಡೆಗೆ ಎಸೆಯುವ, ಓರೆಯಾಗಿ ಚಾಚಿದ ಒಂದು ರೆಕ್ಕೆ. ಆ ರೆಕ್ಕೆ ಒಳಮುಖವಾಗಿರಬೇಕು. ನಮ್ಮ ಬಾಗಿಲಿಗೆ ಪಟ್ಟಿಯನ್ನು ತಿರುಗುಮುರುಗಾಗಿ ಸಿಕ್ಕಿಸಿದ್ದರು, ರೆಕ್ಕೆ ಹೊರಗೆ ಚಾಚಿತ್ತು. ಗಾಜಿನ ಹೊರಮೈಗೆ ಬಂದ ಹನಿಯೆಲ್ಲ ಅದರ ಮೇಲೆ ಕೂಡಿಕೊಂಡು ಒಣ ಭಾಗಕ್ಕೆ ಸಾಲಾಗಿ ತೊಟ್ಟಿಕ್ಕುತ್ತಿತ್ತು, ಒಳಮೈಯ ನೀರು ಯಾವ ಅಡ್ಡಿಯೂ ಇಲ್ಲದೆ ನಾಲಿಗೆಯ ಕೆಳಗೆ ನುಸುಳುತ್ತಿತ್ತು. ಪಟ್ಟಿಯನ್ನು ಎಳೆದು ತೆಗೆದು ತಿರುಗಿಸಿ ಹಾಕಲು ಬೇಕಾದದ್ದು ಎರಡು ನಿಮಿಷ ಮಾತ್ರ. ಅಂಗಡಿಯ ಅಳವಡಿಕೆ ತಂಡಕ್ಕೆ ಇದು ಗೊತ್ತಿರಲಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರ ತಂದಿತು, ಏಕೆಂದರೆ ಅವರು ದಿನವೂ ಮಾಡುವ ಕೆಲಸ ಇದೊಂದೇ.

ಹಿಂಜ್ ಬದಿಯ ಸಮಸ್ಯೆ ಬೇರೆ. ಗೋಡೆಗೂ ಗಾಜಿಗೂ ನಡುವೆ 4-5 ಮಿ.ಮೀ. ಸಂದು ಇರುತ್ತದೆ, ಅದನ್ನು ಮುಚ್ಚುವ ಲಂಬ ಸೀಲ್ ಪ್ರತಿ ಹಿಂಜ್ ಬಳಿ ತುಂಡಾಗುತ್ತದೆ. ತುಂಡುಗಳು ಹಿಂಜ್‌ಗೆ ತಾಗುವಂತೆ ಕರಾರುವಾಕ್ಕಾಗಿ ಕತ್ತರಿಸಿದ್ದರೆ ಬರುವ ನೀರು ನಾಲ್ಕಾರು ಹನಿ. ನಮ್ಮಲ್ಲಿ ಬೆರಳು ತೂರುವಷ್ಟು ಜಾಗ ಉಳಿದಿತ್ತು, ಕೆಳಗಿನ ತುಂಡು ಹೊಸ್ತಿಲಿಗೆ ಮುಟ್ಟುತ್ತಲೂ ಇರಲಿಲ್ಲ. ಎರಡು ಸಲ ಫೋನ್ ಮಾಡಿದ ಮೇಲೆ ಬೇರೊಬ್ಬ ಕೆಲಸಗಾರ ಬಂದು ಹೊಸ ಸೀಲನ್ನು ಹರಿತವಾದ ಬ್ಲೇಡಿನಿಂದ ಅಳತೆಗೆ ಸರಿಯಾಗಿ ಕೊಯ್ದು ಕೂರಿಸಿದರು. ಅವರ ಕೈಕೆಲಸ ಅಚ್ಚುಕಟ್ಟಾಗಿತ್ತು, ಅಂದಿನಿಂದ ಆ ಮೂಲೆ ಒಣಗಿದೆ. ಹಿಡಿಕೆಯ ಬದಿಯಲ್ಲಿ ಬಾಗಿಲು ಸ್ಥಿರ ಫಲಕಕ್ಕೆ ಸೇರುವಲ್ಲಿ ಆಯಸ್ಕಾಂತದ ಸೀಲ್ ಇದೆ, ಅದು ಮೊದಲ ದಿನದಿಂದಲೂ ನಿರ್ದೋಷವಾಗಿ ಕೆಲಸ ಮಾಡಿದೆ. ಬೆಲೆ ತುಸು ಹೆಚ್ಚಾದರೂ ಸಾದಾ ಸೀಲ್‌ಗಿಂತ ಇದನ್ನೇ ಕೇಳಿ ಹಾಕಿಸಿಕೊಳ್ಳಿ ಎಂದು ಯಾರಿಗಾದರೂ ಹೇಳುತ್ತೇನೆ.

ಗಾಜಿನ ಬಗ್ಗೆ ಸುರಕ್ಷತೆಯ ದೃಷ್ಟಿಯಿಂದ ಒಂದೆರಡು ಮಾತು ಅಗತ್ಯ. ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಗಾಳಿಯ ರಭಸದಿಂದ ಥಟ್ಟನೆ ತಣಿಸುತ್ತಾರೆ. ಅದು ಒಡೆದಾಗ ಉದ್ದನೆಯ ಚೂಪು ಚೂರುಗಳಾಗದೆ ಸಣ್ಣ ಹರಳುಗಳಾಗಿ ಉದುರುತ್ತದೆ. ಒಮ್ಮೆ ಹೀಗೆ ಹದಗೊಳಿಸಿದ ಮೇಲೆ ಅದನ್ನು ಕತ್ತರಿಸಲು ಅಥವಾ ರಂಧ್ರ ಕೊರೆಯಲು ಆಗುವುದಿಲ್ಲ, ಆದ್ದರಿಂದ ಅಳತೆಯನ್ನು ಟೈಲ್ಸ್ ಪೂರ್ತಿಯಾದ ನಂತರವೇ ತೆಗೆಯಬೇಕು, ಮತ್ತು ಪ್ರತಿ ಅಗಲವನ್ನು ಕೆಳಗೆ, ನಡುವೆ, ಮೇಲೆ ಎಂದು ಮೂರು ಕಡೆ ಅಳೆಯಬೇಕು. ನಮ್ಮ ಗೋಡೆ ತೂಗುಗುಂಡಿಗೆ 6 ಮಿ.ಮೀ. ವಾಲಿತ್ತು. ಅಳತೆಗೆ ಬಂದವರು ಲೇಸರ್ ಇಟ್ಟು ಅದನ್ನು ಕಂಡುಹಿಡಿದು ಗಾಜಿನ ಆ ಅಂಚನ್ನೇ ಅಷ್ಟು ಓರೆಯಾಗಿ ಕೊಯ್ಸಿದರು. ಈ ಕೆಲಸದಲ್ಲಿ ಅಂಗಡಿಗೆ ಪೂರ್ಣ ಅಂಕ. ಗಾಜಿನ ಮೂಲೆಯಲ್ಲಿ ಅಳಿಸಲಾಗದ ಐಎಸ್‌ಐ ಮುದ್ರೆ ಇದೆಯೇ, ಕಟ್ಟಡಗಳ ಸುರಕ್ಷಾ ಗಾಜಿಗೆ ಅನ್ವಯಿಸುವ ಐಎಸ್ 2553ರ ಉಲ್ಲೇಖ ಇದೆಯೇ ಎಂದು ಗಾಜು ಗಾಡಿಯಿಂದ ಇಳಿಯುವಾಗಲೇ ನೋಡಿಕೊಳ್ಳಿ. ನಿಕಲ್ ಸಲ್ಫೈಡಿನ ಅತಿಸೂಕ್ಷ್ಮ ಕಣ ಒಳಗೆ ಉಳಿದ ಟಫನ್ಡ್ ಗಾಜು ಅಪರೂಪಕ್ಕೆ ತಾನಾಗಿಯೇ ಒಡೆಯುವುದುಂಟು. ಅಂಥದ್ದನ್ನು ಕಾರ್ಖಾನೆಯಲ್ಲೇ 260ರಿಂದ 290 ಡಿಗ್ರಿಯಲ್ಲಿ ಕಾಯಿಸಿ ಮೊದಲೇ ಒಡೆಸಿಬಿಡುವ ಹೀಟ್ ಸೋಕ್ ಪರೀಕ್ಷೆ ಇದೆ. ಮಕ್ಕಳಿರುವ ಮನೆಯವರು ಹೆಚ್ಚುವರಿ ಹಣ ಕೊಟ್ಟಾದರೂ ಅದನ್ನು ಕೇಳುವುದು ಸೂಕ್ತ.

8 ಮಿ.ಮೀ. ಸಾಕೇ, 10 ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಸಾಮಾನ್ಯ ಅಳತೆಗೆ 8 ಸಾಕು. ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. ತೂಗುತ್ತದೆ. 700 ಮಿ.ಮೀ. ಅಗಲ, 2000 ಮಿ.ಮೀ. ಎತ್ತರದ ನಮ್ಮ ಬಾಗಿಲು 28 ಕೆ.ಜಿ. ಇದೆ, 10 ಮಿ.ಮೀ. ಆಗಿದ್ದರೆ 35 ಕೆ.ಜಿ. ಆಗುತ್ತಿತ್ತು. ಆ ಭಾರವನ್ನು ವರ್ಷಗಟ್ಟಲೆ ಹೊರಬೇಕಾದದ್ದು ಎರಡು ಹಿಂಜ್‌ಗಳು ಮತ್ತು ಗೋಡೆಯೊಳಗಿನ ನಾಲ್ಕಾರು ಸ್ಕ್ರೂಗಳು. ಬಾಗಿಲು 2-3 ಮಿ.ಮೀ. ಜೋತುಬಿದ್ದರೂ ಸೀಲ್‌ಗಳ ಲೆಕ್ಕಾಚಾರವೆಲ್ಲ ಕೆಡುತ್ತದೆ. ಹೊಸ ಅಪಾರ್ಟ್‌ಮೆಂಟುಗಳ ಹಗುರವಾದ ಎಎಸಿ ಬ್ಲಾಕ್ (ಗಾಳಿಗುಳ್ಳೆಗಳಿರುವ ಕಾಂಕ್ರೀಟ್ ಇಟ್ಟಿಗೆ) ಗೋಡೆಗಳಲ್ಲಿ ಸಾಧಾರಣ ಪ್ಲಾಸ್ಟಿಕ್ ಪ್ಲಗ್ ಕಚ್ಚಿ ನಿಲ್ಲುವುದಿಲ್ಲ. ಅಂಥ ಗೋಡೆಗೆಂದೇ ತಯಾರಾದ ಪ್ಲಗ್ ಅಥವಾ ಕೆಮಿಕಲ್ ಆ್ಯಂಕರ್ (ರಾಸಾಯನಿಕ ಅಂಟಿನಿಂದ ಗೋಡೆಯೊಳಗೆ ಕೂರಿಸುವ ಬೋಲ್ಟ್) ಬಳಸುತ್ತೀರಾ ಎಂದು ಮೊದಲೇ ಕೇಳಬೇಕು. ಹಣ ಉಳಿಸಲೇಬೇಕೆಂದಿದ್ದರೆ ಗಾಜಿನ ದಪ್ಪದಲ್ಲಿ ಉಳಿಸಿ, ಹಿಂಜ್‌ನಲ್ಲಿ ಬೇಡ. ಹಿತ್ತಾಳೆಯ ಗಟ್ಟಿ ಎರಕ ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಳನಾಡಿಗೆ ಸಾಕು. ಮಂಗಳೂರು, ಉಡುಪಿ, ಕಾರವಾರದಂಥ ಕಡಲ ಅಂಚಿನ ಊರುಗಳಲ್ಲಿ ಉಪ್ಪುಗಾಳಿಗೆ ಅದು ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಅಲ್ಲಿ ಮಾಲಿಬ್ಡಿನಂ ಬೆರೆತ 316 ದರ್ಜೆಯೇ ಬೇಕು.

ಬಳಕೆಯಲ್ಲಿ ಕಂಡ ಮುಖ್ಯ ಕೊರತೆ ಕಲೆ. ಕಾವೇರಿ ನೀರು ಬರುವ ದಿನ ಗಾಜು ಚೊಕ್ಕಟವಾಗಿರುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಂದ ವಾರ ಸುಣ್ಣದ ಬಿಳಿ ಚುಕ್ಕೆಗಳು ಒಣಗಿ ಕೂರುತ್ತವೆ. ನೀರು ಜಾರಿಹೋಗುವ ಲೇಪನಕ್ಕೆ ನಾವು ಪ್ರತ್ಯೇಕವಾಗಿ ಹಣ ಕೊಟ್ಟಿದ್ದೆವು; ಮೊದಲ ತಿಂಗಳುಗಳಲ್ಲಿ ಹನಿಗಳು ನಿಲ್ಲದೆ ಉರುಳುತ್ತಿದ್ದವು, ಈಗ ಶವರ್ ನೇರವಾಗಿ ಬೀಳುವ ಭಾಗದಲ್ಲಿ ಆ ಗುಣ ಬಹಳ ಕಡಿಮೆಯಾಗಿದೆ. ಇನ್ನೊಮ್ಮೆ ಹಾಕಿಸುವಂತಿದ್ದರೆ ಆ ಹಣವನ್ನು ಹೀಟ್ ಸೋಕ್ ಪರೀಕ್ಷೆಗೆ ಕೊಡುತ್ತೇನೆ. ಸ್ನಾನದ ನಂತರ ರಬ್ಬರ್ ವೈಪರಿನಿಂದ ಗಾಜನ್ನು ಮೇಲಿಂದ ಕೆಳಗೆ ಒಮ್ಮೆ ಎಳೆಯುವುದು ಲೇಪನಕ್ಕಿಂತ ಹೆಚ್ಚು ಪರಿಣಾಮಕಾರಿ, ಕುಳಿತ ಕಲೆಗೆ ನೀರು ಬೆರೆಸಿದ ವಿನೆಗರ್ ಸಾಕು. ಆದರೆ ಹೊಸ್ತಿಲು ಗ್ರಾನೈಟ್ ಆಗಿರಲಿ, ಮಾರ್ಬಲ್ ಬೇಡ, ಏಕೆಂದರೆ ವಿನೆಗರ್ ಬಿದ್ದಲ್ಲಿ ಮಾರ್ಬಲ್ ಹೊಳಪು ಕಳೆದುಕೊಳ್ಳುತ್ತದೆ. ಸಿಲಿಕೋನ್ ಬೂಷ್ಟು ನಿರೋಧಕವಾದ ಸ್ಯಾನಿಟರಿ ದರ್ಜೆಯದೇ ಎಂದು ಟ್ಯೂಬಿನ ಮೇಲಿನ ಬರಹ ಓದಿ ಖಚಿತಪಡಿಸಿಕೊಳ್ಳಿ. ನಮ್ಮದು ಮಳೆಗಾಲ ದಾಟಿದರೂ ಕಪ್ಪಾಗಿಲ್ಲ, ಫಲಕದ ಮೇಲೆ ಚಾವಣಿಯವರೆಗೆ ಬಿಟ್ಟಿರುವ ಜಾಗದಿಂದ ಹಬೆ ಹೊರಗೆ ಹೋಗುವುದೂ ಅದಕ್ಕೆ ಕಾರಣ.

ಅಂಗಡಿಯ ಬಗ್ಗೆ ಹೇಳುವುದಾದರೆ, ಅಳತೆ ಮತ್ತು ಗಾಜು ಉತ್ತಮ, ಅಳವಡಿಕೆ ಸಾಧಾರಣ, ದೂರಿಗೆ ಸ್ಪಂದನೆ ತಡವಾದರೂ ಪ್ರಾಮಾಣಿಕ. ಸಿದ್ಧ ಅಳತೆಯ ಕಿಟ್‌ಗಳನ್ನು ಮಾರುವ ದೊಡ್ಡ ಕಂಪನಿಗಳ ಬೆಲೆಗೆ ಹೋಲಿಸಿದರೆ ಅಳತೆಗೆ ಮಾಡಿಸಿದ್ದು ನಮಗೆ ಅಗ್ಗವಾಯಿತು. ಗೋಡೆ ವಾಲಿದ್ದುದರಿಂದ ಕಿಟ್ ಹೊಂದುವ ಸಾಧ್ಯತೆಯೂ ಕಡಿಮೆ ಇತ್ತು. ಕೊಟ್ಟ ದರಪಟ್ಟಿಯಲ್ಲಿ ಮಾತ್ರ ಎಲ್ಲವನ್ನೂ ಚದರ ಅಡಿ ಲೆಕ್ಕದಲ್ಲಿ ಒಂದೇ ಸಾಲಿಗೆ ಸೇರಿಸಿದ್ದರು. ಗಾಜಿನ ದಪ್ಪ, ಹಿಂಜ್‌ನ ಲೋಹ ಮತ್ತು ಅದು ತಾಳುವ ತೂಕ, ಸೀಲ್‌ಗಳ ಬಗೆ, ಅಳವಡಿಕೆಯ ನಂತರ ನೀರು ಬಿಟ್ಟು ಪರೀಕ್ಷಿಸಿ ತೋರಿಸುವ ಜವಾಬ್ದಾರಿ, ಇವೆಲ್ಲ ಬೇರೆ ಬೇರೆ ಸಾಲುಗಳಾಗಿ ಬರಹದಲ್ಲಿರಲಿ ಎಂದು ಕೇಳಿ ಪಡೆದೆವು. ಆ ಕೊನೆಯ ಸಾಲು ಇದ್ದುದರಿಂದಲೇ ಹಿಂಜ್ ಬದಿಯ ಸೀಲನ್ನು ಯಾವ ಶುಲ್ಕವೂ ಇಲ್ಲದೆ ಬದಲಾಯಿಸಿಕೊಟ್ಟರು. ಪಿವಿಸಿ ಸೀಲ್‌ಗಳು ಕಾಲಕ್ರಮೇಣ ಹಳದಿಗಟ್ಟಿ ಗಡಸಾಗುವಂಥವು, ಗಾಜಿನ ಆಯುಷ್ಯ ಅವಕ್ಕಿಲ್ಲ. ಅವನ್ನು ಬಿಡಿಯಾಗಿ ಕೊಳ್ಳಬಹುದು, ಅಂಗಡಿಗೆ ಹೋಗುವಾಗ ಹಳೆಯ ಪಟ್ಟಿಯ ಒಂದು ಗೇಣುದ್ದದ ತುಂಡನ್ನು ಜೊತೆಗೆ ಒಯ್ದರೆ ಗಾಜಿನ ದಪ್ಪಕ್ಕೂ ರೆಕ್ಕೆಯ ಆಕಾರಕ್ಕೂ ಸರಿಹೊಂದುವುದು ಸಿಗುತ್ತದೆ.